ಯುವನಿಧಿ ಮುಗೀತು, ಅವ್ವನ ಖಾತ್ರಿ ಕೆಲಸನೂ ನಿಂತದ. ಕಡಿತ ಬ್ಯಾಡ ಅನ್ನೋರು ನಮ್ಮ ಸಲುವಾಗಿ ಯಾರದಾರ?

ಜೇವರ್ಗಿ ಹುಡುಗಿ

ಎಲ್ಲರಿಗೂ ನಮಸ್ಕಾರ್ರಿ. ಊರು ಜೇವರ್ಗಿ ತಾಲೂಕು, ಈಗ ಇರೋದು ಕಲಬುರಗಿ. 2023ರಾಗ ಬಿ.ಎ. ಮುಗಿಸೀನಿ. ಮೂರು ಮಂದಿ ಹುಡುಗ್ಯಾರು ಕೂಡಿ ಒಂದು ರೂಮ್ ಮಾಡ್ಕೊಂಡು ಪರೀಕ್ಷಾಕ್ಕ ಓದ್ಲಾಕತ್ತೀವಿ.

ನನಗ ಯುವನಿಧಿ ಬರ್ತಿತ್ತು, ಓದು ಮುಗಿಸಿ ನೌಕರಿ ಇಲ್ಲದವರಿಗೆ ರಾಜ್ಯ ಸರ್ಕಾರ ಕೊಡೋ ರೊಕ್ಕ, ತಿಂಗಳಿಗೆ 3,000. 2024ರ ಜನವರಿ 12ಕ್ಕ ಶಿವಮೊಗ್ಗದಾಗ ಕಾರ್ಯಕ್ರಮ ಮಾಡಿ ಮೊದಲ ಕಂತು ಹಾಕಿದ್ರಲ್ಲ, ಆ ಬ್ಯಾಚಿನಾಕಿ ನಾನು. ಎರಡು ವರ್ಷ ಅಂತ ಮೊದಲೇ ಹೇಳಿದ್ರು. ಎರಡು ವರ್ಷ ಆತು, ಮುಗೀತು. ಆ ರೊಕ್ಕ ಹೆಂಗ ಖರ್ಚಾಗ್ತಿತ್ತು ಅಂತ ವಹಿಯಾಗ ಬರದಿಟ್ಟೀನಿ. ಬಾಡಿಗಿ ನನ್ನ ಪಾಲು 1,300. ಓದೋ ಕೋಣಿ ಸೀಟಿಗೆ 500. ಗ್ಯಾಸ್‌ಗೆ 300. ಉಳಿದಿದ್ದು ಅರ್ಜಿ ಫೀಸು, ಜೆರಾಕ್ಸ್, ಕಾಯಿಪಲ್ಯ. ಜ್ವಾಳ, ಬ್ಯಾಳಿ ಅವ್ವ ಊರಿಂದ ಗಂಟು ಕಟ್ಟಿ ಬಸ್ಸಿನಾಗ ಕಳಸ್ತಾಳ. ಎರಡು ವರ್ಷ ಮನಿಗೆ ಒಂದು ರೂಪಾಯಿ ಕೇಳಿಲ್ಲ. ಈ ತಿಂಗಳಿಂದ ಕೇಳ್ಬೇಕು.

ಕೇಳಬೇಕಂದ್ರ ಅವ್ವನ ಕೈಯಾಗೂ ಇಲ್ಲ. ಆಕಿ ಉದ್ಯೋಗ ಖಾತ್ರಿಗೆ ಹೋಗಾಕಿ. ತೊಗರಿ ರಾಶಿ ಮುಗದ ಮ್ಯಾಲ ನಮ್ಮೂರಾಗ ಕೂಲಿ ಇರಂಗಿಲ್ಲ. ಪಂಚಾಯಿತಿಗೆ ಮೂರು ಸಲ ಹೋಗ್ಯಾಳ. "ಯೋಜನಾನೇ ಬದ್ಲಾಗ್ಯದ, ಮ್ಯಾಲಿನಿಂದ ಆದೇಶ ಬರ್ಲಿ, ಆಮ್ಯಾಲ ಬಾ" ಅಂದ್ರಂತ.

ಟಿವಿಯಾಗ ನೋಡಿದ್ರ ಎರಡೂ ಪಕ್ಷದವರು ಬಡವರ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಅಂತ ಒಬ್ಬರ ಮ್ಯಾಲ ಒಬ್ಬರು ಒದರ್ಲಾಕತ್ತಾರ. ನನ್ನ ಪ್ರಶ್ನೆ ಇಷ್ಟೇ. ಖರೇವಂದ್ರ ಏನೇನು ಕಡಿತ ಆಗ್ಯದ? ವಿರೋಧ ಮಾಡೋರು ನಮ್ಮವ್ವನಂಥಾಕಿ ಸಲುವಾಗಿ ಮಾಡ್ಲಾಕತ್ತಾರೇನು? ಆಕಿ ಯಾರ ಬಲ್ಲಿ ಹೋಗಬೇಕು?

ಗಂಜ್ ದುಕಾನ್

ತಂಗಿ, ನಿನ್ನ ಕಷ್ಟ ಖರೇ. ಆದ್ರ ಇನ್ನೊಂದು ಬಾಜೂನೂ ಕೇಳು. ನಮ್ಮದು ಆಳಂದ ರೋಡಿಗೆ 14 ಎಕರೆ ಅದ. ಈ ಸಲ ಭೀಮಾ ಕಡೆ ಹೊಳಿ ಬಂತು, ನಮ್ಮ ಕಡೆ ಮಳಿ ನಿಂತು ಅರ್ಧ ತೊಗರಿ ಹೊಲದಾಗೇ ಕೊಳೀತು. ಉಳಿದ ಅರ್ಧಾ ಕೊಯ್ಯಾಕ ಆಳು ಸಿಗಲಿಲ್ಲ. ಹೆಂಗಸರಿಗೆ ದಿನಕ್ಕ 300 ಅಂದೆ, ಬರಲಿಲ್ಲ. ಮಷೀನ್ ಹಚ್ಚಿ ಕೊಯ್ಸಿದೆ, ಕಾಳು ಒಡದು ಗಂಜಿನಾಗ ದರ ಬಿತ್ತು. ಬಿತ್ತಿಗಿ, ರಾಶಿ ಟೈಮಿಗೆ ವರ್ಷದಾಗ 60 ದಿನ ಖಾತ್ರಿ ಬಂದ್ ಇಡಬೇಕು ಅಂತ ಖಾತ್ರಿ ಬದಲಿ ಕೇಂದ್ರ ತಂದ ಹೊಸ ಕಾಯ್ದೆದಾಗ ಅದಲ್ಲ, ಅದು ಛಲೋ ಆತು ಅಂತ ನಾನು ಅಂತೀನಿ. ರೈತ ಉಳಿಬೇಕಲ್ಲ?

ತಾಂಡಾದವ

ಅಣ್ಣಾ, ಖಾತ್ರಿ ಪಗಾರ 2025-26ರಾಗ ಕರ್ನಾಟಕಕ್ಕ ದಿನಕ್ಕ 370. ನೀವು 300 ಅಂತೀರಿ. ಆಳು ಯಾಕ ಬರಂಗಿಲ್ಲ ಅನ್ನೋದಕ್ಕ ಉತ್ತರ ಅಲ್ಲೇ ಅದ.

ಗಂಜ್ ದುಕಾನ್

370 ಕೊಟ್ರ ನನಗ ತೊಗರಿ ದರ ಯಾರು ಏರಿಸಿ ಕೊಡ್ತಾರ? ಅದನ್ನೂ ಹೇಳಪ್ಪ.

ತಾಂಡಾದವ

ಅದು ನ್ಯಾಯದ ಮಾತು, ಒಪ್ಪತೀನಿ. ಆದ್ರ ದರದ ಜಗಳ ಸರ್ಕಾರದ ಜೋಡಿ ಮಾಡ್ರಿ, ನಮ್ಮ ಹೆಂಗಸರ ಕೂಲಿ ಜೋಡಿ ಮಾಡಬ್ಯಾಡ್ರಿ.

ನಾನು ಚಿಂಚೋಳಿ ತಾಲೂಕಿನ ತಾಂಡಾದವ. ಈಗ ಪುಣೆದಾಗ ಸೆಂಟ್ರಿಂಗ್ ಕೆಲಸ. ನಮ್ಮ ತಾಂಡಾದಾಗ ದೀಪಾವಳಿ ಮುಗೀತಂದ್ರ ಬೀಗ ಹಾಕಿದ ಮನಿನೇ ಹೆಚ್ಚು. ಮುದುಕರು, ಮಕ್ಕಳು ಅಷ್ಟೇ ಉಳಿತಾರ. ಕೆಲವರು ಕಬ್ಬು ಕಡಿಲಾಕ, ಕೆಲವರು ಮುಂಬೈ, ಕೆಲವರು ಹೈದರಾಬಾದ್. 2020ರಾಗ ಲಾಕ್‌ಡೌನ್ ಆದಾಗ ನಾವೆಲ್ಲಾ ಊರಿಗೆ ಓಡಿ ಬಂದ್ವಿ. ಕೈಯಾಗ ಏನೂ ಇರ್ಲಿಲ್ಲ. ಆಗ ಖಾತ್ರಿ ಪಗಾರ 275 ಇತ್ತು. ನಾನು, ನನ್ನ ಹೆಂಡ್ತಿ, ನಮ್ಮ ಬಾಪು ಮೂವರೂ ಕೆರಿ ಹೂಳು ತಗೀಲಾಕ ಹೋದ್ವಿ. ಬಾಪುಗ 60 ದಾಟಿತ್ತು, ಬುಟ್ಟಿ ಹೊರಲಾಕ ಆಗಂಗಿಲ್ಲ ಅಂತ ಆತಗ ನೀರು ಕೊಡೋ ಕೆಲಸ ಕೊಟ್ರು. ಆ ವರ್ಷ ದೇಶದಾಗ ಈ ಯೋಜನಾಕ್ಕ 1 ಲಕ್ಷ 11 ಸಾವಿರ ಕೋಟಿ ಹತ್ರ ಖರ್ಚಾತು ಅಂತ ಆಮ್ಯಾಲ ಓದಿದೆ. ಹಂಗೇ 2023-24ರ ಬಜೆಟ್‌ದಾಗ 60,000 ಕೋಟಿಗೆ ಇಳಿಸಿದ್ರು. ಹಿಂದಿನ ವರ್ಷದ ಬಜೆಟ್‌ದಾಗ 73,000 ಕೋಟಿ ಇತ್ತು.

ಜೇವರ್ಗಿ ತಂಗಿ, ಕಡಿತ ಎಲ್ಲದ ಅಂತ ಕೇಳಿದೆಲ್ಲ, ಒಂದು ಅಲ್ಲೇ ಅದ. ಎಷ್ಟು ಮಂದಿ ಕೇಳ್ತಾರ ಅಷ್ಟು ಕೆಲಸ ಅಂತ ಕಾಯ್ದೆ ಅಂದ್ರೂ ಚೀಲದಾಗ ರೊಕ್ಕ ಮೊದಲೇ ಅಳದು ಇಟ್ರ ಏನಾಗ್ತದ?

ಕಮಲಾಪುರ ಬಾಳಿ

ಬರೇ ಕೇಂದ್ರದ ಮ್ಯಾಲೇ ಹೇಳ್ರಿ. ಹೊಸ ಕಾಯ್ದೆದಾಗ ಖಾತ್ರಿ ಕೆಲಸ 100 ದಿನ ಇದ್ದಿದ್ದು 125 ಮಾಡ್ಯಾರ, ಅದನ್ನ ಯಾಕ ಹೇಳಂಗಿಲ್ಲ? ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಬಾಕಿ ಬಗ್ಗೆ ಬೆಳಗಾವಿ ಅಧಿವೇಶನದಾಗ ಎಷ್ಟು ಗದ್ದಲ ಆತು ನೋಡಿಲ್ಲೇನು? 2025ರ ಫೆಬ್ರವರಿ, ಮಾರ್ಚ್ ಎರಡು ತಿಂಗಳ ರೊಕ್ಕ ನಮ್ಮ ಮನಿಗಂತೂ ಬಂದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆ ರೊಕ್ಕ 2024-25ರಾಗ 14,282 ಕೋಟಿ ಗ್ಯಾರಂಟಿಗೆ ಹಾಕ್ಯಾರ. ಅದು ಕಡಿತ ಅಲ್ಲೇನು? ಆ ರೊಕ್ಕದಾಗ ಹಾಸ್ಟೆಲ್ ಆಗ್ತಿದ್ವು, ಗಂಗಾ ಕಲ್ಯಾಣದ ಬೋರ್‌ವೆಲ್ ಆಗ್ತಿದ್ವು.

ಶಹಾಪುರ ಮಾಸ್ತರ್

ಬಾಳಿ ಅವರು ಹೇಳಿದ್ದು ಮುಖ್ಯವಾದ ಮಾತು, ಪಕ್ಷದ ಮಾತು ಅಂತ ತಳ್ಳಿಹಾಕಬೇಡಿ. 2023-24ರಲ್ಲೂ 11,144 ಕೋಟಿ ಹಾಗೇ ಹೋಗಿತ್ತು. ಆ ಸಮುದಾಯದವರಿಗೇ ಗ್ಯಾರಂಟಿಯ ಮೂಲಕ ಮುಟ್ಟುತ್ತದೆ ಅನ್ನೋದು ಸರ್ಕಾರದ ವಾದ. ಆದರೆ ಎಲ್ಲರಿಗೂ ಬರುವ 2,000 ರೂಪಾಯಿ ದಲಿತ ಹೆಣ್ಣುಮಗಳಿಗೂ ಬಂದರೆ ಅದು ಆಕೆಯ ಹಕ್ಕು. ಆಕೆಯ ಮಗಳ ಹಾಸ್ಟೆಲ್ಲಿನ ಹಣದಲ್ಲಿ ಅದನ್ನು ಕೊಡುವುದು ನ್ಯಾಯವಲ್ಲ. 2013ರಲ್ಲಿ ಆ ಕಾಯ್ದೆ ತಂದದ್ದೇ ಇಂಥ ವರ್ಗಾವಣೆ ನಿಲ್ಲಲಿ ಅಂತ.

ಹಾಗಂತ ಕೇಂದ್ರದ ಕಡಿತ ಸರಿ ಆಗೋದಿಲ್ಲ. ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ 200, ಇವತ್ತೂ 200. ಯಾರೂ ಕತ್ತರಿ ಹಾಕಿಲ್ಲ, ಆದರೂ ಕತ್ತರಿ ಬಿದ್ದಿದೆ. ಆಗ 200 ರೂಪಾಯಿಗೆ ಎಷ್ಟು ಸೇರು ಜೋಳ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ನೀವೇ ಹೇಳಿ. ಏರಿಸದೆ ಇಡೋದೂ ಕಡಿತವೇ. ಅದರ ವಿರುದ್ಧ ಕಲಬುರಗಿಯ ಜಗತ್ ವೃತ್ತದಲ್ಲಿ ಒಂದು ದೊಡ್ಡ ಮೆರವಣಿಗೆ ಆದದ್ದು ನಾನು ನೋಡಿಲ್ಲ.

ತಾಂಡಾದವ

ಮಾಸ್ತರ್, ರಾಜ್ಯದ ಸಂಧ್ಯಾ ಸುರಕ್ಷಾ 1,200 ಅದಲ್ಲ?

ಶಹಾಪುರ ಮಾಸ್ತರ್

ಹೌದು, 65 ದಾಟಿದವರಿಗೆ. 2021ರಲ್ಲಿ ಸಾವಿರದಿಂದ 1,200 ಮಾಡಿದರು. ಅಲ್ಲಿಗೆ ನಿಂತಿದೆ.

ಬಸವಕಲ್ಯಾಣ ಶರಣ

ನಾನು ಬ್ಯಾರೇ ಮಾತು ಹೇಳ್ತೀನಿ, ಬೈಬ್ಯಾಡ್ರಿ. ನಮ್ಮದು ಕಾಯಕದ ನೆಲ. ಆಯ್ದಕ್ಕಿ ಮಾರಯ್ಯ ಹೆಚ್ಚಿಗಿ ಅಕ್ಕಿ ತಂದಾಗ ಲಕ್ಕಮ್ಮ ಏನಂದ್ಲು? ವಾಪಸ್ ಹೋಗಿ ಸುರುವಿ ಬಾ ಅಂದ್ಲು. ಕೆಲಸ ಇಲ್ಲದೆ ರೊಕ್ಕ ಕೊಡೋದು ಯುವಕರಿಗೆ ಛಲೋ ಅಲ್ಲ ಅಂತ ನನ್ನ ಮನಸ್ಸಿಗೆ ಅನಸ್ತದ. ಯುವನಿಧಿ ಬದಲಿ ಅದೇ ರೊಕ್ಕದಾಗ ಕೈಗೊಂದು ಕಸುಬು ಕಲಿಸ್ಲಿ. ಬೀದರ್‌ದಾಗ ಬಿದರಿ ಕೆಲಸ ಕಲಿಯೋ ಹುಡುಗರೇ ಕಡಿಮಿ ಆಗ್ಯಾರ.

ಜೇವರ್ಗಿ ಹುಡುಗಿ

ಶರಣ್ರೇ, ಬೈಯಂಗಿಲ್ಲ. ಆದ್ರ ಲಕ್ಕಮ್ಮ ವಾಪಸ್ ಕಳಿಸಿದ್ದು ಹೆಚ್ಚಿಗಿ ಬಂದ ಅಕ್ಕಿ. ನಮಗ ಹೆಚ್ಚಿಗಿ ಏನು ಬಂದದ? ನಾ ಕಾಯಕ ಬ್ಯಾಡ ಅನ್ನಾಕಿ ಅಲ್ಲ. ಕಾಯಕ ಕೊಡ್ರಿ ಅಂತ ಎರಡು ವರ್ಷದಿಂದ ಅರ್ಜಿ ಹಾಕ್ಲಾಕತ್ತೀನಿ. ಪಿಎಸ್‌ಐ 545 ಹುದ್ದೆ ನೆನಪದ ಏನ್ರಿ? ಅಕ್ರಮ ಬಯಲಿಗೆ ಬಂದಿದ್ದೇ ನಮ್ಮ ಕಲಬುರಗಿಯಿಂದ, 2022ರಾಗ ಪಟ್ಟಿ ರದ್ದಾತು. ಮತ್ತ ಪರೀಕ್ಷಾ ಆಗಿದ್ದು 2024ರ ಜನವರಿದಾಗ. ನಮ್ಮ ರೂಮಿನ ಬಾಜೂ ಒಬ್ಬ ಅಕ್ಕ ಇದ್ಲು. ನಡುವಿನ ಆ ವರ್ಷದಾಗ ಓದೋದು ಬಿಟ್ಟು ಬಟ್ಟಿ ದುಕಾನಿನಾಗ 6,000ಕ್ಕ ನಿಂತ್ಲು. ಆಗ ಯುವನಿಧಿನೂ ಇರ್ಲಿಲ್ಲ.

ಆ 3,000 ನಮ್ಮನ್ನ ಸೋಮಾರಿ ಮಾಡಿಲ್ಲ. ಓದೋ ಕೋಣ್ಯಾಗ ಇನ್ನೂ ಸ್ವಲ್ಪ ದಿನ ಕೂಡಲಾಕ ಬಿಟ್ಟದ, ಅಷ್ಟೇ.

ಬಸವಕಲ್ಯಾಣ ಶರಣ

ಆಗ್ಲಿ ತಂಗಿ, ನಿನ್ನ ಮಾತಿನಾಗ ತೂಕ ಅದ. ಕಸುಬಿನ ಮಾತು ಮಾತ್ರ ನಾನು ಬಿಡಂಗಿಲ್ಲ.

ಬೀದರ್ ಡಿಪ್ಲೊಮಾ

ಡಿಪ್ಲೊಮಾದವರಿಗೆ ಬರೇ 1,500. ನನಗ ಮೊದಲ ನಾಕು ತಿಂಗಳು ಬರಲೇ ಇಲ್ಲ, ಯಾಕಂದ್ರ ನನ್ನ ಸರ್ಟಿಫಿಕೇಟ್ ಸರ್ಕಾರದ ಆನ್‌ಲೈನ್ ದಾಖಲಾತಿಗೆ ಏರಿಸಿರ್ಲಿಲ್ಲ. ಆಗ ಪ್ರತಿ ತಿಂಗಳು "ನನಗ ಇನ್ನೂ ನೌಕರಿ ಸಿಕ್ಕಿಲ್ಲ" ಅಂತ ಸೇವಾಸಿಂಧುದಾಗ ಘೋಷಣಾ ಬ್ಯಾರೇ. ಒಂದು ತಿಂಗಳು ಮರತ್ರ ಆ ತಿಂಗಳದ್ದು ಹೋತು. ಅರ್ಧ ರೊಕ್ಕ ಹಿಂಗೇ ಉಳದಿರಬೇಕು ಸರ್ಕಾರಕ್ಕ.

ಸೇಡಂ ಗಿರಣಿ

ಎಲ್ಲಾರೂ ಯುವನಿಧಿ, ಖಾತ್ರಿ ಅಂತೀರಿ. ಕಾರ್ಖಾನಾದಾಗ ದುಡದು ಕೆಲಸ ಕಳಕೊಂಡವರ ಬಗ್ಗೆ ಯಾರೂ ಮಾತಾಡಂಗಿಲ್ಲ. ನಾನು ಸೇಡಂ ಕಡೆ ಒಂದು ಕಾರ್ಖಾನಾದಾಗ ಗುತ್ತಿಗೆದಾರರ ಕೈಯಾಗ ಆರು ವರ್ಷ ದುಡದೀನಿ. ಪಗಾರದಾಗ ಇಎಸ್‌ಐ, ಅಂದ್ರ ಕಾರ್ಮಿಕರ ವಿಮಾ, ಕಟ್ ಆಗ್ತಿತ್ತು. 2021ರಾಗ ಗುತ್ತಿಗೆ ಬದ್ಲಾಗಿ 40 ಮಂದಿಗೆ ಬರಬ್ಯಾಡ್ರಿ ಅಂದ್ರು. ಮನಿ ನಡಸ್ಲಾಕ ಬಡ್ಡಿ ಸಾಲ ತಗೊಂಡೆ, ನೂರಕ್ಕ ಮೂರರಂಗ. ಎರಡು ವರ್ಷ ಆದ ಮ್ಯಾಲ ಗೊತ್ತಾತು, ಇಎಸ್‌ಐದಾಗ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಅದ, ಕೆಲಸ ಹೋದವರಿಗೆ ದಿನದ ಸರಾಸರಿ ಪಗಾರದ ಅರ್ಧ, 90 ದಿನದ ತನಕ ಕೊಡ್ತಾರ, ಜೀವಮಾನದಾಗ ಒಂದೇ ಸಲ. 2018ರಾಗ ಶುರು ಆದಾಗ ಕಾಲು ಭಾಗ ಇತ್ತು, 2020ರಾಗ ಅರ್ಧ ಮಾಡಿದ್ರು. ನಮ್ಮ 40 ಮಂದಿ ಒಳಗ ಒಬ್ಬರಿಗೂ ಇದು ಗೊತ್ತಿರ್ಲಿಲ್ಲ. ಗುತ್ತಿಗೆದಾರ ಹೇಳಲಿಲ್ಲ, ಯೂನಿಯನ್ ಹೇಳಲಿಲ್ಲ. ಕಲಬುರಗಿಯಾಗ ಅಷ್ಟು ದೊಡ್ಡ ಇಎಸ್‌ಐ ದವಾಖಾನಿ ಅದ, ಗೇಟಿನ ಮುಂದ ಒಂದು ಬೋರ್ಡ್ ಹಾಕಿದ್ರ ಎಷ್ಟು ಮನಿ ಉಳೀತಿದ್ವು.

ನಾನು ಈಗೂ ಬಡ್ಡಿ ಕಟ್ಲಾಕತ್ತೀನಿ.

ಬೀದರ್ ಡಿಪ್ಲೊಮಾ

ಅಣ್ಣಾ, ಇದು ನನಗೂ ಇವತ್ತೇ ಗೊತ್ತಾಗಿದ್ದು. ನಮ್ಮ ಮಾಮಾಗ ಕಳಸ್ತೀನಿ, ಆತನ ಕೆಲಸ ಹೋಗಿ ಎರಡು ತಿಂಗಳಾತು.

ಸೇಡಂ ಗಿರಣಿ

ತಡ ಮಾಡಬ್ಯಾಡ್ರಿ, ಇವತ್ತೇ ಕಳಸ್ರಿ. ಕೆಲಸ ಹೋಗಿ 30 ದಿನ ಆದ ಮ್ಯಾಲ ಅರ್ಜಿ ಹಾಕಬಹುದು. ಇಎಸ್‌ಐ ನಂಬರ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಂತ ಹೇಳ್ರಿ.

ಹುಮನಾಬಾದ್ ಮುತ್ಯಾ

ನನ್ನ ಮೊಮ್ಮಗ ಟೈಪ್ ಮಾಡ್ಲಾಕತ್ತಾನ, ನಾನು ಹೇಳ್ಲಾಕತ್ತೀನಿ. 1972ರ ಬರಗಾಲ ಕಂಡವ ನಾನು. ಬಾವಿ ಬತ್ತಿ ತಳದಾಗ ಬಿರುಕು ಕಾಣ್ತಿತ್ತು. ಸರ್ಕಾರ ರೋಡಿನ ಬಾಜೂ ಖಡಿ ಒಡೆಯೋ ಕೆಲಸ ತಗೀತು. ಬಿಸಿಲಿನಾಗ ಕುಂತು ಖಡಿ ಒಡದು ಗುಪ್ಪಿ ಹಾಕಬೇಕು, ಸಂಜಿಗೆ ಅಳತಿ ಮಾಡಿ ಕೂಲಿ. ನಮ್ಮವ್ವನ ಬೆರಳು ಜಜ್ಜಿ ಉಗುರು ಹೋಗಿದ್ದು ಸಾಯೋ ತನಕ ಬರಲಿಲ್ಲ. ಕೆಲಸ ಇದ್ದ ದಿನ ಇತ್ತು, ಇಲ್ಲದ ದಿನ ಇಲ್ಲ. ಕೇಳೋ ಹಕ್ಕು ಇರ್ಲಿಲ್ಲ, ಅಮಲ್ದಾರ್ ಕರುಣೆ ಮ್ಯಾಲ ನಡೀತಿತ್ತು.

ಗಡಿ ಆ ಕಡೆ ಮಹಾರಾಷ್ಟ್ರದಾಗ ಅದೇ ಬರಗಾಲದಾಗ ರೋಜಗಾರ ಹಮಿ ಶುರು ಮಾಡಿದ್ರು, 1977ರಾಗ ಕಾಯ್ದೆನೇ ಮಾಡಿದ್ರು. ಪ್ಯಾಟ್ಯಾಗ ಪಗಾರ ತಗೊಳೋರ ಮ್ಯಾಲ ವೃತ್ತಿ ತೆರಿಗಿ ಹಾಕಿ ಹಳ್ಳ್ಯಾಗ ಕೂಲಿ ಕೊಟ್ರು. ನಮ್ಮ ಬೀಗರು ಉದಗೀರ ಕಡೆಯವರು. "ನಮ್ಮಲ್ಲಿ ಕೆಲಸ ಕೊಡಂಗಿಲ್ಲ ಅಂದ್ರ ತಹಶೀಲ್ ಕಚೇರಿ ಮುಂದ ಹೋಗಿ ಕುಂದರ್ತೀವಿ" ಅಂತಿದ್ರು. ನಮಗ ಆ ಮಾತು ಕೇಳಿ ಆಶ್ಚರ್ಯ ಆಗ್ತಿತ್ತು, ಸರ್ಕಾರದ ಮುಂದ ಕೆಲಸ ಕೇಳಲಾಕ ಕುಂದರ್ತಾರ ಅಂತ. ನಮಗ ಅದು ಸಿಕ್ಕಿದ್ದು 30 ವರ್ಷ ಆದ ಮ್ಯಾಲ. 2006ರ ಫೆಬ್ರವರಿದಾಗ ಮೊದಲ 200 ಜಿಲ್ಲಾದಾಗ ಶುರು ಆದಾಗ ಬೀದರ್, ಗುಲ್ಬರ್ಗಾ ಎರಡೂ ಇದ್ವು. ಆಗ ಯಾದಗಿರಿ ಗುಲ್ಬರ್ಗಾದಾಗೇ ಇತ್ತು.

ಹಕ್ಕು ಅಂತ ಇದ್ದಿದ್ದು ಮತ್ತ ಯೋಜನಾ ಅಂತ ಆದ್ರ ನಾವು 1972ಕ್ಕ ವಾಪಸ್ ಹೋದಂಗ. ನಾನು ಯಾವ ಪಕ್ಷದವ ಅಲ್ಲ.

ಗಂಜ್ ದುಕಾನ್

ಮುತ್ಯಾ, ಶರಣು. ನಮ್ಮ ಅಪ್ಪನೂ ಆ ಬರದ ಕಥಿ ಹೇಳ್ತಿದ್ದ. ಕೆಂಪು ಜ್ವಾಳ ಅಮೆರಿಕಾದಿಂದ ಬರ್ತಿತ್ತಂತಲ್ಲ?

ಹುಮನಾಬಾದ್ ಮುತ್ಯಾ

ಹೌದಪ್ಪ, ನಾವು ಅದಕ್ಕ ಮಿಲೋ ಅಂತಿದ್ವಿ. ರೊಟ್ಟಿ ಬಡದ್ರ ಹರೀತಿತ್ತು. ಹಸದ ಹೊಟ್ಟಿಗೆ ಅದೂ ರುಚಿನೇ.

ವಕೀಲ್ ಯಾದಗಿರಿ

ಕಾಯ್ದೆಯ ಮಾತು ಸ್ವಲ್ಪ ಬಿಡಿಸಿ ಹೇಳ್ತೀನಿ.

ಹಳೆ ಕಾಯ್ದೆ 2005ರದ್ದು. ಕೆಲಸ ಕೇಳಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. 370ರ ಲೆಕ್ಕದಲ್ಲಿ ಮೊದಲು ದಿನಕ್ಕೆ 92 ರೂಪಾಯಿ 50 ಪೈಸೆ, ಆಮೇಲೆ 185. ಒಂದು ತಿಂಗಳು ಕೆಲಸ ಕೊಡದೆ ಕೂರಿಸಿದರೆ 2,775 ಆಯಿತು. ಹೆಚ್ಚುಕಡಿಮೆ ಯುವನಿಧಿಯಷ್ಟೇ. ಓದಿದವರಿಗೆ ಮಾತ್ರ ನಿರುದ್ಯೋಗ ಭತ್ಯೆ ಇದೆ ಅಂತ ಎಲ್ಲರೂ ತಿಳಿದಿದ್ದಾರೆ. ಗುದ್ದಲಿ ಹಿಡಿಯೋರಿಗೆ ಇಪ್ಪತ್ತು ವರ್ಷದಿಂದ ಕಾಯ್ದೆಯಲ್ಲೇ ಇದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಅದನ್ನು ಕೈಗೆ ತಗೊಂಡ ಒಬ್ಬ ಹೆಣ್ಣುಮಗಳನ್ನು ನಾನು ಕಂಡಿಲ್ಲ.

ಇದರಲ್ಲಿ ಒಂದು ಜಾಣತನ ಇತ್ತು. ಕೂಲಿ ಕೊಡೋದು ಕೇಂದ್ರ, ಭತ್ಯೆ ಕೊಡೋದು ರಾಜ್ಯ. ಅಂದರೆ ಕೆಲಸ ಕೊಟ್ಟರೆ ರಾಜ್ಯದ ಬೊಕ್ಕಸಕ್ಕೆ ಕೂಲಿಯ ಭಾರ ಇಲ್ಲ, ಕೊಡದಿದ್ದರೆ ದಂಡ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ, ಅದೇ ಜಿ ರಾಮ್ ಜಿ ಅಂತಾರಲ್ಲ, ಅದರಲ್ಲಿ ನಮ್ಮಂಥ ರಾಜ್ಯಗಳಿಗೆ 60:40 ಪಾಲು. ಕೂಲಿಯಲ್ಲೂ ರಾಜ್ಯದ 40 ಪಾಲು ಬಂತು. ಜೊತೆಗೆ ಪ್ರತಿ ರಾಜ್ಯಕ್ಕೆ ವರ್ಷಕ್ಕೆ ಇಷ್ಟು ಅಂತ ಕೇಂದ್ರವೇ ಹಣ ಗೊತ್ತು ಮಾಡುತ್ತದೆ, ಮೀರಿದರೆ ರಾಜ್ಯವೇ ಕೊಡಬೇಕು. ಈಗ ಕೆಲಸ ಕೊಟ್ಟರೂ ರಾಜ್ಯಕ್ಕೆ ಖರ್ಚು, ಕೊಡದಿದ್ದರೂ ಖರ್ಚು. ಆಗ ಸುಲಭದ ದಾರಿ ಯಾವುದು? ಕೇಳಿದವರ ಹೆಸರನ್ನೇ ಬರೆಯದೆ ಇರೋದು.

125 ದಿನ ಅಂತ ಬಾಳಿ ಅವರು ಹೇಳಿದರು. ಒಳ್ಳೆಯದೇ. ಆದರೆ 100 ದಿನ ಇದ್ದಾಗಲೂ ದೇಶದಲ್ಲಿ ಒಂದು ಕುಟುಂಬಕ್ಕೆ ಸರಾಸರಿ ಸಿಕ್ಕಿದ್ದು 50 ದಿನದ ಆಸುಪಾಸು. ಕೇಂದ್ರ ಅಧಿಸೂಚನೆಯಲ್ಲಿ ಹೇಳಿದ ದಿನದಿಂದ ಹೊಸ ಕಾಯ್ದೆ ಜಾರಿ, ಅಲ್ಲಿಯ ತನಕ ಹಳೆ ಕಾಯ್ದೆಯೇ. ಹಾಗಾಗಿ ಜೇವರ್ಗಿ ತಂಗಿ, ನಿಮ್ಮ ತಾಯಿಗೆ ಹೇಳಿದ "ಆದೇಶ ಬರಲಿ" ಅನ್ನೋ ಮಾತು ತಪ್ಪು. ನಮೂನೆ 6ರಲ್ಲಿ ಅರ್ಜಿ ಕೊಟ್ಟು ದಿನಾಂಕ ಹಾಕಿದ ರಸೀದಿ ಕೇಳಲು ಹೇಳಿ. ರಸೀದಿ ಇಲ್ಲದೆ ಭತ್ಯೆ ಇಲ್ಲ. 15 ದಿನದ ಲೆಕ್ಕ ಶುರುವಾಗೋದೇ ಆ ಚೀಟಿಯಿಂದ.

ಕಮಲಾಪುರ ಬಾಳಿ

ವಕೀಲ್ರೇ, ರಸೀದಿ ಕೊಡಬೇಕಾದ ಪಂಚಾಯಿತಿ ಯಾರದು? ರಾಜ್ಯದ್ದು. ಗ್ರಾಮೀಣಾಭಿವೃದ್ಧಿ ಮಂತ್ರಿ ನಮ್ಮ ಕಲಬುರಗಿ ಜಿಲ್ಲೆಯವರೇ. ದಿಲ್ಲ್ಯಾಗ ಕಾಯ್ದೆ ವಿರುದ್ಧ ಮಾತಾಡೋರೂ ನಮ್ಮ ಜಿಲ್ಲೆಯವರೇ. ರಸೀದಿ ಕೊಡ್ರಿ ಅಂತ ಒಂದು ಸುತ್ತೋಲೆ ಕಟ್ಟುನಿಟ್ಟಾಗಿ ನಡಸ್ಲಿ, ನಾನೇ ಮೊದಲು ಹೊಗಳ್ತೀನಿ.

ವಕೀಲ್ ಯಾದಗಿರಿ

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ.

ಹೆಸರು ಬ್ಯಾಡ

ನಾನು ಒಂದು ಪಂಚಾಯಿತಿಯಲ್ಲಿ ಹೊರಗುತ್ತಿಗೆ ಸಿಬ್ಬಂದಿ. ಎಲ್ಲಿ ಅಂತ ಹೇಳೋದಿಲ್ಲ. ರಸೀದಿ ಯಾಕೆ ಕೊಡಲ್ಲ ಅಂದರೆ, ಬೇಡಿಕೆಯನ್ನು ಕಂಪ್ಯೂಟರಿನಲ್ಲಿ ಹಾಕಿದ ಕೂಡಲೇ ದಿನ ಎಣಿಕೆ ಶುರುವಾಗುತ್ತದೆ. 15 ದಿನ ದಾಟಿದರೆ ಅದು ಮೇಲಿನವರಿಗೆ ಕಾಣುತ್ತದೆ, ಫೋನ್ ಬರುತ್ತದೆ. ಅದಕ್ಕೆ ಕಾಮಗಾರಿ ತಯಾರಾದ ದಿನವೇ ಬೇಡಿಕೆಯನ್ನೂ ಹಾಕುತ್ತೇವೆ, ಅದೇ ದಿನ ಕೇಳಿದರು, ಅದೇ ದಿನ ಕೊಟ್ಟೆವು ಅನ್ನೋ ಹಾಗೆ. ಜನ ಎರಡು ತಿಂಗಳ ಹಿಂದೆ ಕೇಳಿದ್ದು ಎಲ್ಲೂ ದಾಖಲಾಗೋದಿಲ್ಲ. ಇದು ತಪ್ಪು ಅಂತ ನಮಗೂ ಗೊತ್ತು. 2025ರಲ್ಲಿ ನಮಗೇ ತಿಂಗಳುಗಟ್ಟಲೆ ವೇತನ ಬರಲಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸಲು ದುಡ್ಡಿಲ್ಲದೆ ಕಾಮಗಾರಿ ಜಾಗಕ್ಕೆ ನಡೆದು ಹೋದ ದಿನ ಇವೆ.

ಕಾಯಕ ಬಂಧು ಅಕ್ಕ

ಇವರು ಹೇಳಿದ್ದು ನೂರಕ್ಕ ನೂರು ಖರೇ. ನಾನು ಮೂರು ವರ್ಷ ಕಾಯಕ ಬಂಧು, ಅಂದ್ರ ಖಾತ್ರಿ ಕೆಲಸದವರ ಹಾಜರಿ ನೋಡಾಕಿ, ಆಗಿದ್ದೆ, ಅಫಜಲಪುರ ತಾಲೂಕಿನಾಗ. ಇನ್ನೊಂದು ಸಣ್ಣ ಕಡಿತ ಹೇಳ್ತೀನಿ ಕೇಳ್ರಿ, ಇದು ಯಾವ ಬಜೆಟ್‌ದಾಗೂ ಬರಂಗಿಲ್ಲ.

2023ರ ಜನವರಿಯಿಂದ ಹಾಜರಿ ಮೊಬೈಲ್‌ದಾಗೇ ಹಾಕ್ಬೇಕು ಅಂತಾತು. ಮುಂಜಾನಿ ಒಂದು ಫೋಟೋ, ಮಧ್ಯಾಹ್ನದ ಮ್ಯಾಲ ಒಂದು. ನಮ್ಮ ಕೆಲಸ ನಾಲಾದಾಗ, ಎರಡೂ ಕಡೆ ದಂಡಿ ಎತ್ತರ, ನೆಟ್‌ವರ್ಕ್ ಸಿಗಂಗಿಲ್ಲ. 23 ಮಂದಿ ಹೆಂಗಸರನ್ನ ಬುಟ್ಟಿ ಇಳಿಸಿ, ದಂಡಿ ಹತ್ತಿಸಿ, ಮಾವಿನ ಗಿಡದ ಬಲ್ಲಿ ಕರಕೊಂಡು ಬಂದು ನಿಂದ್ರಸ್ತಿದ್ದೆ. ಅಲ್ಲಿ ಎರಡು ಗೆರಿ ನೆಟ್‌ವರ್ಕ್ ಬರ್ತಿತ್ತು. ಫೋಟೋ ಏರಿದ್ರ ಏರ್ತು, ಚಕ್ರ ತಿರಗ್ಲಾಕತ್ತಿತಂದ್ರ ಅರ್ಧ ತಾಸು. ಎಲ್ಲಾರೂ ಬಿಸಿಲಿನಾಗ ಸೆರಗು ತಲಿ ಮ್ಯಾಲ ಹಾಕ್ಕೊಂಡು ನನ್ನ ಕೈಯಾಗಿನ ಮೊಬೈಲೇ ನೋಡ್ತಿದ್ರು. ಒಂದು ದಿನ ಮಧ್ಯಾಹ್ನದ ಫೋಟೋ ಏರಲೇ ಇಲ್ಲ. 23 ಮಂದಿದು ಆ ದಿನದ ಕೂಲಿ ಹೋತು. ಆಗ 316 ಇತ್ತು. ಕೂಡಿಸಿದ್ರ 7,268 ರೂಪಾಯಿ.

ಒಬ್ಬಾಕಿ ಬಾಣಂತಿ ಇದ್ಲು, ಕೂಸಿನ್ನ ಮನ್ಯಾಗ ಅತ್ತಿ ಬಲ್ಲಿ ಬಿಟ್ಟು ಬಂದಿದ್ಲು. ಆಕಿ ನನ್ನ ಬೈಲಿಲ್ಲ. "ಅಕ್ಕಾ, ನಿನ್ನ ಮೊಬೈಲ್ ಹಳೇದಾಗ್ಯದ, ನಾವು ಎಲ್ಲಾರೂ ಕೂಡಿ ಒಂದು ಹೊಸದು ಕೊಡಸ್ಬೇಕೇನು" ಅಂದ್ಲು. ಆ ವಾರ ಮುಗದ ಮ್ಯಾಲ ನಾನು ಕಾಯಕ ಬಂಧು ಕೆಲಸ ಬಿಟ್ಟೆ. ನನ್ನ ಕೈಯಿಂದ ಅವರ ಕೂಲಿ ಹೋಗೋದು ನೋಡಲಾಕ ಆಗಲಿಲ್ಲ.

ಜೇವರ್ಗಿ ಹುಡುಗಿ

ಅಕ್ಕಾ, ಓದಿ ಕಣ್ಣಾಗ ನೀರು ಬಂತು. ನಮ್ಮವ್ವನೂ ಹಿಂಗೇ ಗಿಡದ ಬಲ್ಲಿ ನಿಂದ್ರೋದು ಹೇಳ್ತಿದ್ಲು, ನನಗ ಆಗ ತಿಳೀಲಿಲ್ಲ.

ತಾಂಡಾದವ

ಇದನ್ನ ಎಲ್ಲಾರೂ ಓದಬೇಕು. ದಿಲ್ಲ್ಯಾಗ ಬಿಲ್ ಪಾಸ್ ಆದಾಗಷ್ಟೇ ಕಡಿತ ಅಂತೀವಿ. ಮಾವಿನ ಗಿಡದ ಕೆಳಗ ದಿನಾ ಆಗೋದಕ್ಕ ಯಾರೂ ಸದನದಾಗ ಎದ್ದು ನಿಲ್ಲಂಗಿಲ್ಲ.

ಗಂಜ್ ದುಕಾನ್

ಕಾಯಕ ಬಂಧು ಅಕ್ಕ ಹೇಳಿದ್ದು ಕೇಳಿ ನನ್ನ ಮಾತಿನಾಗ ಅರ್ಧ ವಾಪಸ್ ತಗೋತೀನಿ. ಮಾಡಿದ ಕೆಲಸಕ್ಕ ಕೂಲಿ ಕೊಡದಿದ್ರ ಅದು ದರೋಡೆ, ಯಾರೇ ಮಾಡ್ಲಿ. 60 ದಿನದ ಮಾತು ಮಾತ್ರ ಬಿಡಂಗಿಲ್ಲ.

ಕಾಯಕ ಬಂಧು ಅಕ್ಕ

ಅಣ್ಣಾ, ಆ 60 ದಿನ ಯಾವು ಅಂತ ಯಾರು ಗೊತ್ತು ಮಾಡ್ತಾರ? ರಾಜ್ಯ. ನಮ್ಮ ತೊಗರಿ ರಾಶಿ ಡಿಸೆಂಬರ್, ಜನವರಿ. ಬೀದರ್‌ದಾಗ ಸೋಯಾ ಅಕ್ಟೋಬರ್‌ದಾಗೇ ಮುಗೀತದ. ಶಹಾಪುರ, ಸುರಪುರ ಕಡೆ ಕಾಲುವಿ ನೀರಿನಾಗ ಭತ್ತ, ಅವರದು ಬ್ಯಾರೇ ಲೆಕ್ಕ. ಹೊಲ ಇದ್ದವರ ಸುಗ್ಗಿ ನೋಡಿ ಬಂದ್ ಮಾಡ್ತಾರ, ಹೊಲ ಇಲ್ಲದಾಕಿ ಮನಿ ಅಡಗಿ ಆ 60 ದಿನ ಬಂದ್ ಇರ್ತದೇನು? ನಿಮ್ಮ ಹೊಲಕ್ಕ ಬಂದ್ರೂ 300, ಅದೂ ಎಷ್ಟು ದಿನ? ಹದಿನೈದು?

ಗಂಜ್ ದುಕಾನ್

ನಮ್ಮಲ್ಲಿ ಹನ್ನೆರಡು ದಿನ.

ಕಾಯಕ ಬಂಧು ಅಕ್ಕ

ಹಂಗಾದ್ರ ಉಳಿದ 48 ದಿನ?

ಶಹಾಪುರ ಮಾಸ್ತರ್

ತಂಗಿ ಕೇಳಿದ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ: ಯಾರ ಬಳಿ ಹೋಗಬೇಕು? ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿದಿದೆ, ಚುನಾವಣೆಯೇ ಆಗಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ 2020ರ ಡಿಸೆಂಬರ್‌ನಲ್ಲಿ ಆಗಿತ್ತು, ಅದೂ ಐದು ವರ್ಷದ ಅವಧಿಯೇ. ಮೊದಲು ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಊರಿಗೆ ಬಂದರೆ ಅವನ ಗಾಡಿ ನಿಲ್ಲಿಸಿ ಹೆಣ್ಣುಮಕ್ಕಳು ಕೇಳುತ್ತಿದ್ದರು, ನಾನೇ ಕಂಡಿದ್ದೇನೆ. ಈಗ ನಿಲ್ಲಿಸಲು ಗಾಡಿಯೇ ಇಲ್ಲ. ಬೆಂಗಳೂರು, ದಿಲ್ಲಿಯಲ್ಲಿ ಬಡವರ ಹೆಸರಲ್ಲಿ ಜಗಳ ಆಡುವ ಪಕ್ಷಗಳು ಬಡವರು ಕೇಳುವ ಜಾಗವನ್ನೇ ಐದು ವರ್ಷ ಖಾಲಿ ಇಟ್ಟಿವೆ. ಬಿಜೆಪಿ ಸರ್ಕಾರ ಇದ್ದಾಗಲೂ ಆಗಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಆಗಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಬಂತು, ಒಳ್ಳೆಯದು. ಅದರಲ್ಲಿ ಏನಾಗಬೇಕು ಅಂತ ಹೇಳಲು ನಮ್ಮ ಊರಿನವರಿಗೆ ಬಾಯಿ ಬೇಕಲ್ಲ.

ಕಮಲಾಪುರ ಬಾಳಿ

ಮಾಸ್ತರ್ ಮಾತಿಗೆ ನಾನೂ ಕೈ ಎತ್ತತೀನಿ. ಇದ್ರಾಗ ನಮ್ಮ ಪಕ್ಷದ ತಪ್ಪೂ ಅದ.

ವೇದಿಕೆ ನಿರ್ವಾಹಕರು

ಎಲ್ಲಾರೂ ಸಮಾಧಾನದಿಂದ ಮಾತಾಡಿದ್ದಕ್ಕ ಖುಷಿ ಆತು. ಎರಡು ಪೋಸ್ಟ್ ತಗದೀವಿ, ಮುಖಂಡರ ಮನಿಯವರ ಬಗ್ಗೆ ಇದ್ವು. ಊರು, ಪಂಚಾಯಿತಿ ಹೆಸರು, ಫೋನ್ ನಂಬರ್ ಹಾಕಬ್ಯಾಡ್ರಿ.

ವಕೀಲ್ ಯಾದಗಿರಿ

ಇನ್ನೊಂದು ಮಾತು. ಪಂಚಾಯಿತಿಯಲ್ಲಿ ರಸೀದಿ ಕೊಡದಿದ್ದರೆ ಅದೇ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕಳಿಸಿ. ಅಂಚೆ ಚೀಟಿಯ ದಿನಾಂಕ ಕೈಯಲ್ಲಿ ಇರುತ್ತದೆ. ದೂರು ಕೇಳಲು ಜಿಲ್ಲೆಯಲ್ಲಿ ಓಂಬುಡ್ಸ್‌ಮನ್ ಇರಬೇಕು. ಒಬ್ಬರೇ ಹೋಗೋದಕ್ಕಿಂತ ಹತ್ತು ಮಂದಿ ಕೂಡಿ ಒಂದೇ ದಿನ ಅರ್ಜಿ ಕೊಡಿ. ಹತ್ತು ಅರ್ಜಿಯನ್ನು ಮೇಜಿನ ಕೆಳಗೆ ಹಾಕೋದು ಕಷ್ಟ.

ಜೇವರ್ಗಿ ಹುಡುಗಿ

ವಕೀಲ್ರು ಹೇಳಿದಂಗ ಮಾಡೀವಿ. ನಿನ್ನಿ ಮುಂಜಾನಿ ಬಸ್ಸಿಗೆ ಊರಿಗೆ ಹೋದೆ. ರಾತ್ರಿನೇ ಅವ್ವ ಓಣ್ಯಾಗ ಹೇಳಿ ಇಟ್ಟಿದ್ಲು, 14 ಮಂದಿ ಹೆಂಗಸರು ಕೂಡಿದ್ರು. ನಾನೇ ಕುಂತು ಎಲ್ಲರದೂ ನಮೂನೆ 6 ತುಂಬಿದೆ, ಜಾಬ್ ಕಾರ್ಡ್ ನಂಬರ್ ನೋಡಿ ನೋಡಿ. ಇಬ್ಬರದು ಕಾರ್ಡ್ ಇಲಿ ಕಡದು ಅಂಕಿನೇ ಕಾಣ್ತಿರ್ಲಿಲ್ಲ, ಹಳೇ ಪಾಸ್‌ಬುಕ್ ನೋಡಿ ಹುಡುಕಿದ್ವಿ.

ಪಂಚಾಯಿತಿಯಾಗ ಮೊದಲು "ಇಟ್ಟು ಹೋಗ್ರಿ" ಅಂದ್ರು. ಅವ್ವ "ಚೀಟಿ ಕೊಡ್ರಿ, ತಗೊಂಡೇ ಹೋಗ್ತೀವಿ" ಅಂತ ಕಟ್ಟಿ ಮ್ಯಾಲ ಕುಂತಳು. ಎಲ್ಲಾರೂ ಕುಂತ್ರು. ರೊಟ್ಟಿ ಗಂಟು ತಂದಿದ್ವಿ, ಅಲ್ಲೇ ಉಂಡ್ವಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಅಲ್ಲಿಯ ಒಬ್ಬ ಸಿಬ್ಬಂದಿಗೂ ಕೊಟ್ಲು ಅವ್ವ, ಆತ ಮುಂಜಾನಿಯಿಂದ ಉಂಡಿರ್ಲಿಲ್ಲ. ಮೂರು ಗಂಟೆಕ್ಕ 14 ರಸೀದಿ ಬರದು ಕೊಟ್ರು. ದಿನಾಂಕ ಹಾಕ್ಯಾರ, ಸಹಿ ಅದ. ಸೀಲ್ ಮಾತ್ರ ಇಲ್ಲ, ಸೀಲ್ ಇರೋ ಕಪಾಟಿನ ಕೀಲಿ ಇಲ್ಲ ಅಂದ್ರು.

ವಕೀಲ್ ಯಾದಗಿರಿ

ಭಾಳ ಛಲೋ ಮಾಡಿದ್ರಿ. ಸಹಿ, ದಿನಾಂಕ ಇದ್ದರೆ ನಡೆಯುತ್ತದೆ. ಆದರೂ ನಾಳೆ ಹೋಗಿ ಸೀಲ್ ಹಾಕಿಸಿಕೊಳ್ಳಿ. 14 ಚೀಟಿಯ ಫೋಟೋ ತೆಗೆದು ನಿಮ್ಮ ಹತ್ತಿರ ಒಂದು, ಮನೆಯಲ್ಲಿ ಒಂದು ಇಟ್ಟುಕೊಳ್ಳಿ.

ಜೇವರ್ಗಿ ಹುಡುಗಿ

ನಾಳೆ ನಾನು ಕಲಬುರಗಿಗೆ ವಾಪಸ್ ಬರ್ಬೇಕು, ಪರೀಕ್ಷಾ ಅದ. ಅವ್ವನೇ ಹೋಗ್ತೀನಿ ಅಂದಾಳ. ಚೀಟಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಜ್ವಾಳದ ಡಬ್ಬಿಯಾಗ ಇಟ್ಟಾಳ, ಮತ್ತ ಇಲಿ ಕಡದ್ರ ಏನು ಮಾಡೋದು ಅಂತ.

ಹುಮನಾಬಾದ್ ಮುತ್ಯಾ

ಆ ತಾಯಿಗೆ ನನ್ನ ಶರಣಾರ್ಥಿ ಹೇಳು, ಮಗಳ. 15 ದಿನ ಆದ ಮ್ಯಾಲ ಏನಾತು ಅಂತ ಇಲ್ಲೇ ಬರಿ. ಮೊಮ್ಮಗನ ಕೈಯಿಂದ ದಿನಾ ತಗಸಿ ನೋಡ್ತೀನಿ.